ಕಾರಿನ ಆಂಪ್ಲಿಫೈಯರ್‌ಗೆ 25 ಚದರ ಮಿಲಿಮೀಟರ್ ತಾಮ್ರ: ತೂಕ ಹಾಕಿ ಕೇಬಲ್ ಕೊಂಡ ಕೆಲಸದ ವಿವರ

ನನ್ನ ತಮ್ಮ ಕೊಂಡ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನಲ್ಲಿ ಹಿಂದಿನ ಮಾಲೀಕರು ಹಾಕಿಸಿದ್ದ ಆಡಿಯೊ ವ್ಯವಸ್ಥೆ ಹಾಗೆಯೇ ಉಳಿದಿತ್ತು. ಬೇಸ್ ನುಡಿಸುವ ದೊಡ್ಡ ಸ್ಪೀಕರ್ ಆದ ಸಬ್‌ವೂಫರ್‌ಗೆ ಕ್ಲಾಸ್ ಡಿ ಮಾದರಿಯ ಮೊನೊ ಆಂಪ್ಲಿಫೈಯರ್, 2 ಓಮ್‌ಗೆ 400 ವಾಟ್ ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಶಕ್ತಿ). ಬಾಗಿಲಿನ ಸ್ಪೀಕರ್‌ಗಳಿಗೆ ಕ್ಲಾಸ್ ಎಬಿ ಮಾದರಿಯ ನಾಲ್ಕು ಚಾನೆಲ್‌ನದು, ಚಾನೆಲ್‌ಗೆ 50 ವಾಟ್. ಎರಡೂ ಒಳ್ಳೆಯ ಆಂಪ್ಲಿಫೈಯರ್‌ಗಳೇ. ಆದರೆ ಎಸಿ ಹಾಕಿಕೊಂಡು ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿ ನಿಂತು ನಿಂತು ಸಾಗುವಾಗ ಜೋರಾಗಿ ಹಾಡು ಹಾಕಿದರೆ ಮೊನೊ ಆಂಪ್ಲಿಫೈಯರ್ ಕೆಂಪು ದೀಪ ಹೊತ್ತಿಸಿ ಸುಮ್ಮನಾಗಿಬಿಡುತ್ತಿತ್ತು. ರಾತ್ರಿ ಹೊತ್ತು ಬೇಸ್‌ನ ಪ್ರತಿ ಹೊಡೆತಕ್ಕೂ ಹೆಡ್‌ಲೈಟ್ ಮಂಕಾಗುತ್ತಿತ್ತು. ಆಂಪ್ಲಿಫೈಯರ್ ಕೆಟ್ಟಿದೆ, ಬದಲಿಸಿ ಎಂದು ಒಂದು ಅಂಗಡಿಯಲ್ಲಿ ಹೇಳಿ ಕಳುಹಿಸಿದ್ದರು. ಅಳೆದು ನೋಡದೆ ಹಾಗೆ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಬಾನೆಟ್ ತೆರೆದೊಡನೆ ಕಂಡದ್ದು ಫ್ಯೂಸ್ ಹೋಲ್ಡರ್. ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳದ ಒಂದು ತುದಿ ಕಂದು ಬಣ್ಣಕ್ಕೆ ತಿರುಗಿ ಒಳಗೆ ಬಾಗಿತ್ತು. ಅದೇ ತುದಿಯಲ್ಲಿ ಕೇಬಲ್ ಹಿಡಿದಿಡುವ ಅಲನ್ ಸ್ಕ್ರೂ ಇರುತ್ತದೆ. ಕೀಲಿ ಹಾಕಿದರೆ ಬೆರಳಿನ ಬಲಕ್ಕೇ ತಿರುಗಿತು. ಕೇಬಲ್ ಹೊರಗೆಳೆದಾಗ ಎಳೆಗಳ ಮೇಲೆ ಬೂದಿ ಬಣ್ಣದ ಪುಡಿ. ತಾಮ್ರ ಕಾದು ಕೆಟ್ಟರೆ ಕಪ್ಪಾಗುತ್ತದೆ, ತೇವ ತಾಗಿದರೆ ಹಸಿರಾಗುತ್ತದೆ. ಬೂದಿ ಪುಡಿ ಬಂದರೆ ಅಲ್ಯೂಮಿನಿಯಂ ಎಂದೇ ಅನುಮಾನಿಸಬೇಕು.

ಕೀಳುವ ಮೊದಲು ಅಳತೆ ತೆಗೆದುಕೊಂಡೆ. ಎಂಜಿನ್ ಚಾಲೂ ಇಟ್ಟು, 50 ಹರ್ಟ್ಸ್‌ನ ಏಕಸ್ವರವನ್ನು ಕೆಲವೇ ಸೆಕೆಂಡು ನುಡಿಸಿ (ಹೆಚ್ಚು ಹೊತ್ತು ನುಡಿಸಿದರೆ ಸಬ್‌ವೂಫರ್‌ನ ಸುರುಳಿ ಸುಡುತ್ತದೆ), ಡಿಸಿ ಅಳೆಯಬಲ್ಲ ಕ್ಲ್ಯಾಂಪ್ ಮೀಟರನ್ನು ಮುಖ್ಯ ಕೇಬಲಿಗೆ ಹಾಕಿದಾಗ 41 ಆಂಪಿಯರ್ ತೋರಿಸಿತು. ಅದೇ ಹೊತ್ತಿಗೆ ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನಾಗ್ರಕ್ಕೂ ಇನ್ನೊಂದನ್ನು, ಉದ್ದ ತಂತಿ ಸೇರಿಸಿ, ಡಿಕ್ಕಿಯಲ್ಲಿರುವ ಆಂಪ್ಲಿಫೈಯರಿನ ಧನಾಗ್ರಕ್ಕೂ ಇಟ್ಟರೆ 1.02 ವೋಲ್ಟ್. ಅಂದರೆ ದಾರಿಯಲ್ಲೇ ಒಂದು ವೋಲ್ಟ್ ಸೋರಿಹೋಗುತ್ತಿದೆ. ತುಂಡು ತುಂಡಾಗಿ ಅಳೆದಾಗ ಕೇಬಲಿನ ಪಾಲು 0.45, ಫ್ಯೂಸ್ ಹೋಲ್ಡರಿನ ಪಾಲು 0.48, ಉಳಿದ ಕೂಡುಕಡೆಗಳದು 0.09. ಅರ್ತ್ ಕಡೆಯಲ್ಲಿ, ಅಂದರೆ ಆಂಪ್ಲಿಫೈಯರಿನ ಋಣಾಗ್ರದಿಂದ ಬ್ಯಾಟರಿಯ ಋಣಾಗ್ರದವರೆಗೆ, ಇನ್ನೂ 0.31.

ಫ್ಯೂಸ್ ಹೋಲ್ಡರಿನ ಅಂಕಿಯನ್ನು ಮತ್ತೊಮ್ಮೆ ನೋಡಿ. 0.48 ವೋಲ್ಟನ್ನು 41 ಆಂಪಿಯರ್‌ನಿಂದ ಗುಣಿಸಿದರೆ ಸುಮಾರು 20 ವಾಟ್. ಸಣ್ಣ ಬೆಸುಗೆ ಕಡ್ಡಿಯೊಂದನ್ನು (ಸೋಲ್ಡರಿಂಗ್ ಐರನ್) ಪ್ಲಾಸ್ಟಿಕ್ ಡಬ್ಬಿಯೊಳಗೆ ಉರಿಯುವಂತೆ ಇಟ್ಟಷ್ಟು ಶಾಖ, ಅದೂ ಬಾನೆಟ್‌ನ ಅಡಿಯಲ್ಲಿ. ಫ್ಯೂಸ್ ಹಾರಲಿಲ್ಲವೇಕೆ ಎಂದು ತಮ್ಮ ಕೇಳಿದ. ಫ್ಯೂಸ್ ಹಾರುವುದು ಮಿತಿ ಮೀರಿದ ಕರೆಂಟಿಗೆ. ಇಲ್ಲಿ ಕರೆಂಟ್ ಮಿತಿಯೊಳಗೇ ಇತ್ತು, ಕೂಡುಕಡೆ ಮಾತ್ರ ಸಡಿಲ. ಸಡಿಲ ಕೂಡುಕಡೆಯಿಂದ ಯಾವ ಫ್ಯೂಸೂ ಕಾಪಾಡುವುದಿಲ್ಲ.

ಅಲ್ಯೂಮಿನಿಯಂ ಇಲ್ಲಿ ಏಕೆ ತೊಂದರೆ ಕೊಡುತ್ತದೆಂದರೆ, ಸ್ಕ್ರೂ ಒತ್ತಡದಲ್ಲಿ ಅದು ನಿಧಾನವಾಗಿ ಚಪ್ಪಟೆಯಾಗುತ್ತಾ ಹೋಗುತ್ತದೆ. ಕಾದಾಗ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಗಾಳಿ ತಾಗಿದ ಕಡೆ ಕರೆಂಟನ್ನು ಬಿಡದ ಆಕ್ಸೈಡ್ ಪದರ ಕೂಡಲೇ ಕಟ್ಟುತ್ತದೆ. ರೋಧ ಹೆಚ್ಚಿ ಇನ್ನಷ್ಟು ಕಾಯುತ್ತದೆ. ಒಮ್ಮೆ ಈ ಸುತ್ತು ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಕಾರ್ಪೆಟ್ ಎತ್ತಿ ಪೂರ್ತಿ ಕೇಬಲ್ ಹೊರಗೆ ತೆಗೆದೆ. ಕೆಂಪು ಹೊದಿಕೆಯ ಮೇಲೆ ಬಿಳಿ ಅಕ್ಷರದಲ್ಲಿ 4 ಗೇಜ್, 2000 ವಾಟ್ ಎಂದು ಮುದ್ರಿಸಿತ್ತು. ಗೇಜ್ ಅಂಕಿ ಕಡಿಮೆಯಾದಷ್ಟೂ ತಂತಿ ದಪ್ಪ. ಹೊರಗಿನ ದಪ್ಪ ವರ್ನಿಯರ್‌ನಲ್ಲಿ 10 ಮಿಲಿಮೀಟರ್. ಸುಲಿದು ನೋಡಿದರೆ ಲೋಹದ ಭಾಗ 5 ಮಿಲಿಮೀಟರಿಗೂ ಕಡಿಮೆ. ಮಿಕ್ಕಿದ್ದೆಲ್ಲ ಮೆತ್ತನೆಯ ಪ್ಲಾಸ್ಟಿಕ್. ಒಂದು ಎಳೆಯನ್ನು ಬೆರಳ ಮೇಲಿಟ್ಟು ಬ್ಲೇಡಿನಿಂದ ಕೆರೆದಾಗ ತಾಮ್ರದ ಬಣ್ಣ ಹೋಗಿ ಬೆಳ್ಳಗೆ ಹೊಳೆಯಿತು. ತಾಮ್ರ ಹೊದಿಸಿದ ಅಲ್ಯೂಮಿನಿಯಂ. ಮಾರುಕಟ್ಟೆಯಲ್ಲಿ ಇದನ್ನು ಸಿಸಿಎ ಎನ್ನುತ್ತಾರೆ.

ಇಷ್ಟಕ್ಕೆ ನಿಲ್ಲಿಸದೆ ತೂಕ ಹಾಕಿದೆ. ಈ ಇಡೀ ಕೆಲಸದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಉಪಕರಣ ಎಂದರೆ ಆಭರಣ ತೂಗುವ ಅಂಗೈ ಅಗಲದ ಡಿಜಿಟಲ್ ತಕ್ಕಡಿ. ಸರಿಯಾಗಿ 10 ಸೆಂಟಿಮೀಟರ್ ಕತ್ತರಿಸಿ, ಹೊದಿಕೆ ಸುಲಿದು, ಲೋಹವನ್ನಷ್ಟೇ ತೂಗಬೇಕು. ಅಮೆರಿಕದ ಗೇಜ್ ಪಟ್ಟಿಯಲ್ಲಿ 4 ಎಂದರೆ 21.15 ಚದರ ಮಿಲಿಮೀಟರ್. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ. ಹಾಗಾಗಿ ಅಸಲಿ 4 ಗೇಜ್ ತಾಮ್ರದ 10 ಸೆಂಟಿಮೀಟರ್ ತುಂಡು ಸುಮಾರು 19 ಗ್ರಾಂ ತೂಗಬೇಕು. ಈ ಕೇಬಲಿನದು 4.1 ಗ್ರಾಂ ತೂಗಿತು.

ಗಾತ್ರದಲ್ಲಿ ಶೇಕಡಾ 10ರಷ್ಟು ತಾಮ್ರವಿರುವ ಸಾಮಾನ್ಯ ಸಿಸಿಎ ತಂತಿಯ ಸಾಂದ್ರತೆ ಸುಮಾರು 3.3. ಹಾಗೆ ಲೆಕ್ಕ ಹಾಕಿದರೆ ಈ ಕೇಬಲಿನಲ್ಲಿ ಇರುವ ಲೋಹ 12.4 ಚದರ ಮಿಲಿಮೀಟರ್. ಹೊದಿಕೆಯ ಮೇಲೆ ಬರೆದದ್ದರಲ್ಲಿ ಹೆಚ್ಚುಕಡಿಮೆ ಶೇಕಡಾ ಅರವತ್ತು ಪಾಲು. ಸಿಸಿಎ ಕರೆಂಟನ್ನು ಒಯ್ಯುವ ಸಾಮರ್ಥ್ಯ ತಾಮ್ರದ ಶೇಕಡಾ 63ರ ಆಸುಪಾಸು. ಆದ್ದರಿಂದ ತಾಮ್ರದ ಲೆಕ್ಕದಲ್ಲಿ ಇದು ಬರೀ 7.8 ಚದರ ಮಿಲಿಮೀಟರ್, ಅಂದರೆ 8 ಗೇಜಿಗಿಂತಲೂ (8.37 ಚದರ ಮಿಲಿಮೀಟರ್) ಕಡಿಮೆ. 4 ಎಂದು ಬರೆದು 8ನ್ನೂ ಕೊಟ್ಟಿಲ್ಲ. ಐದು ಮೀಟರ್ ಉದ್ದಕ್ಕೆ ಇದರ ರೋಧ 11 ಮಿಲಿಓಮ್. 41 ಆಂಪಿಯರಿಗೆ 0.45 ವೋಲ್ಟ್. ಮೀಟರ್ ತೋರಿಸಿದ್ದೂ ಅದನ್ನೇ. ತಕ್ಕಡಿಯ ಲೆಕ್ಕವೂ ಮೀಟರಿನ ಲೆಕ್ಕವೂ ಹೀಗೆ ಒಂದಕ್ಕೊಂದು ಕೂಡಿಬಂದಾಗ ಆಗುವ ಸಮಾಧಾನವೇ ಬೇರೆ.

ಇನ್ನು ಬೇಕಾದದ್ದು ಎಷ್ಟು? ಇದನ್ನು ಆಂಪ್ಲಿಫೈಯರಿನ ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಬರೆದ ಗರಿಷ್ಠ ವಾಟ್ ನೋಡಿ ತೀರ್ಮಾನಿಸಬಾರದು. ಆರ್‌ಎಂಎಸ್ ಅಂಕಿಯನ್ನು ದಕ್ಷತೆಯಿಂದಲೂ ವೋಲ್ಟೇಜಿನಿಂದಲೂ ಭಾಗಿಸಬೇಕು. ಕ್ಲಾಸ್ ಡಿಗೆ ದಕ್ಷತೆ ಶೇಕಡಾ 80 ಎಂದಿಟ್ಟುಕೊಂಡರೆ 400 ವಾಟಿಗೆ 13.8 ವೋಲ್ಟಿನಲ್ಲಿ 36 ಆಂಪಿಯರ್. ಕ್ಲಾಸ್ ಎಬಿಗೆ ಶೇಕಡಾ 55 ಎಂದಿಟ್ಟುಕೊಂಡರೆ 200 ವಾಟಿಗೆ 26ಕ್ಕೂ ಸ್ವಲ್ಪ ಹೆಚ್ಚು. ಒಟ್ಟು 63 ಆಂಪಿಯರ್ ಎಂದಿಟ್ಟುಕೊಳ್ಳೋಣ. ಹಾಡು ಕೇಳುವಾಗ ಸರಾಸರಿ ಇದರ ಮೂರನೇ ಒಂದು ಪಾಲು ಬಂದರೆ ಹೆಚ್ಚು. ಆದರೆ ಆಂಪ್ಲಿಫೈಯರ್ ಸುಮ್ಮನಾಗುವುದು ಸರಾಸರಿಗಲ್ಲ, ಆ ಒಂದು ಹೊಡೆತದ ಕ್ಷಣಕ್ಕೆ. ಹಳೆಯ ವೈರಿಂಗಿನಲ್ಲಿ ಎರಡೂ ಕಡೆ ಸೇರಿ 41 ಆಂಪಿಯರಿಗೆ 1.33 ವೋಲ್ಟ್ ಇಳಿತವಿತ್ತು. 63ಕ್ಕೆ ಅದು 2 ವೋಲ್ಟ್ ದಾಟುತ್ತದೆ. ಎಸಿ, ರೇಡಿಯೇಟರ್ ಫ್ಯಾನ್, ದೀಪ ಎಲ್ಲವೂ ಓಡುತ್ತಾ ಬ್ಯಾಟರಿಯೇ 12 ಚಿಲ್ಲರೆಗೆ ಇಳಿದಿರುವಾಗ ಆಂಪ್ಲಿಫೈಯರಿಗೆ ತಲುಪುವುದು 10ರ ಸುತ್ತಮುತ್ತ. ಕಡಿಮೆ ವೋಲ್ಟೇಜಿಗೆ ತಾನಾಗಿ ಆರಿಹೋಗುವಂತೆ ಅದರಲ್ಲಿ ರಕ್ಷಣೆ ಇದೆ, ಅದು ತನ್ನ ಕೆಲಸ ಮಾಡಿದೆ. ಅದನ್ನೇ ಅಂಗಡಿಯವರು ಕೆಟ್ಟಿದೆ ಎಂದದ್ದು.

ಆರಿಹೋಗದಿದ್ದರೂ ನಷ್ಟ ತಪ್ಪುವುದಿಲ್ಲ. ಒಳಗಿನ ವಿದ್ಯುತ್ ಪೂರೈಕೆ ನಿಯಂತ್ರಿತವಲ್ಲದ ಆಂಪ್ಲಿಫೈಯರಿನಲ್ಲಿ ಹೊರಬರುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 13.8ರ ಬದಲು 12 ವೋಲ್ಟ್ ಸಿಕ್ಕರೆ ಶಕ್ತಿ ಮುಕ್ಕಾಲು ಪಾಲಿಗೆ ಬರುತ್ತದೆ.

ನನ್ನ ಗುರಿ ಇಷ್ಟು: 63 ಆಂಪಿಯರಿಗೆ ಕೇಬಲಿನಲ್ಲಿ ಕಾಲು ವೋಲ್ಟಿಗಿಂತ ಹೆಚ್ಚು ಹೋಗಬಾರದು. ಭಾರತೀಯ ಮಾನಕ ಐಎಸ್ 8130ರ ಪ್ರಕಾರ ಐದನೇ ವರ್ಗದ, ಅಂದರೆ ಬಳುಕುವ ಸಣ್ಣ ಎಳೆಗಳ, 25 ಚದರ ಮಿಲಿಮೀಟರ್ ತಾಮ್ರದ ವಾಹಕಕ್ಕೆ ಕಿಲೋಮೀಟರಿಗೆ ಗರಿಷ್ಠ ರೋಧ 0.780 ಓಮ್. ಐದು ಮೀಟರಿಗೆ 3.9 ಮಿಲಿಓಮ್, 63 ಆಂಪಿಯರಿಗೆ 0.246 ವೋಲ್ಟ್. ಗುರಿಗೆ ಸರಿಹೊಂದಿತು. 16 ಚದರ ಮಿಲಿಮೀಟರಿನದಕ್ಕೆ ಮಾನಕದ ಮಿತಿ 1.21 ಓಮ್, ಇಳಿತ 0.38 ವೋಲ್ಟ್ ಆಗುತ್ತದೆ. ಅದನ್ನು ಹಾಕಿದರೂ ಕೆಟ್ಟ ಕೆಲಸವೇನಲ್ಲ. ಆದರೆ ಒಂದು ಬಾರಿ ಸೀಟು, ಕಾರ್ಪೆಟ್ ಎಲ್ಲ ಬಿಚ್ಚುವ ಶ್ರಮಕ್ಕೆ 25 ಹಾಕುವುದೇ ಮೇಲು. 35, 50 ಎಂದು ಮೇಲೇರುವುದರಲ್ಲಿ ನನಗೆ ನಂಬಿಕೆ ಇಲ್ಲ. ಈ ಕಾರಿನ ಆಲ್ಟರ್ನೇಟರೇ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ) 75 ಆಂಪಿಯರಿನದು. ಮಣಿಕಟ್ಟಿನಷ್ಟು ದಪ್ಪ ಕೇಬಲ್ ಎಳೆದರೂ ಅದರಲ್ಲಿ ಹರಿಯಲು ಕರೆಂಟ್ ಬರಬೇಕಲ್ಲ.

ಕೊಳ್ಳಲು ಮೊದಲು ಹೋದದ್ದು ಜೆಸಿ ರಸ್ತೆಗೆ. ಕಾರಿನ ಅಲಂಕಾರದಿಂದ ಆಡಿಯೊವರೆಗೆ ಎಲ್ಲವೂ ಅಲ್ಲಿ ಸಾಲುಸಾಲು. ಹೆಚ್ಚಿನ ಅಂಗಡಿಗಳಲ್ಲಿ ಕೇಬಲ್ ಸಿಗುವುದು ಕಿಟ್ ರೂಪದಲ್ಲಿ: ಕೆಂಪು ಕೇಬಲ್, ಫ್ಯೂಸ್, ಆರ್‌ಸಿಎ ತಂತಿ (ಆಂಪ್ಲಿಫೈಯರಿಗೆ ಹಾಡಿನ ಸಂಕೇತ ಒಯ್ಯುವುದು), ಸ್ಪೀಕರ್ ತಂತಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಕೇಳುವ ಪ್ರಶ್ನೆಯೂ ಒಂದೇ, “ಎಷ್ಟು ವಾಟಿಗೆ ಬೇಕು?” ನಾನು ಎಷ್ಟು ಚದರ ಮಿಲಿಮೀಟರ್ ಎಂದು ಕೇಳಿದರೆ ಗೇಜ್ ಹೇಳುತ್ತಾರೆ. ಆ ಗೇಜಾದರೂ ಯಾವುದು? ಮೋಟಾರ್ ಸುತ್ತುವ ತಂತಿಯನ್ನು ನಮ್ಮಲ್ಲಿ ಇಂದಿಗೂ ಬ್ರಿಟಿಷ್ ಗೇಜಿನಲ್ಲೇ ಮಾರುತ್ತಾರೆ. ಅದರಲ್ಲಿ 8 ಎಂದರೆ ಸುಮಾರು 13 ಚದರ ಮಿಲಿಮೀಟರ್. ಅಮೆರಿಕದ ಗೇಜಿನಲ್ಲಿ 8 ಎಂದರೆ ಅದರ ಮೂರನೇ ಎರಡು ಪಾಲು. ಇನ್ನು ಕಿಟ್‌ನ ಪೆಟ್ಟಿಗೆಯಲ್ಲಿರುವುದು ಎರಡೂ ಅಲ್ಲ, ಮುದ್ರಿಸಿದವರ ಮನಸ್ಸಿಗೆ ಬಂದದ್ದು. ಅಸಲಿ ತಾಮ್ರದ ಕಿಟ್‌ಗಳೂ ಅಲ್ಲಿ ಉಂಟು, ಬೆಲೆ ಹೆಚ್ಚು. ತುದಿ ಕೆರೆದು ನೋಡಲು ಬಿಡಿ ಎಂದರೆ ಒಬ್ಬರು ಮುಖ ಗಂಟಿಕ್ಕಿದರು. ಇನ್ನೊಬ್ಬರು ತಾವೇ ಬ್ಲೇಡ್ ಕೊಟ್ಟು ಕೆರೆದು ತೋರಿಸಿದರು, ಅದು ಪೂರ್ತಿ ತಾಮ್ರವೇ ಆಗಿತ್ತು. ಬೆಲೆ ಕೈಗೆಟುಕಿದ್ದರೆ ಅಲ್ಲೇ ಕೊಳ್ಳುತ್ತಿದ್ದೆ.

ಆಮ್ಲಜನಕರಹಿತ ತಾಮ್ರ ಎಂಬ ಮಾತಿಗೆ ಹೆಚ್ಚಿನ ಹಣ ಕೊಡುವ ಬಗ್ಗೆಯೂ ಒಂದು ಮಾತು ಹೇಳಬೇಕು. ಸಾಮಾನ್ಯ ವಿದ್ಯುತ್ ಕೇಬಲುಗಳಲ್ಲಿ ಬಳಸುವ ಎಲೆಕ್ಟ್ರೊಲಿಟಿಕ್ ತಾಮ್ರಕ್ಕೂ ಅದಕ್ಕೂ ವಾಹಕತೆಯಲ್ಲಿರುವ ವ್ಯತ್ಯಾಸ ಶೇಕಡಾ 1ರ ಮಟ್ಟದ್ದು. ವ್ಯತ್ಯಾಸ ದೊಡ್ಡದಾಗಿರುವುದು ತಾಮ್ರಕ್ಕೂ ಸಿಸಿಎಗೂ ನಡುವೆ. ಪೆಟ್ಟಿಗೆಯ ಮೇಲೆ ಆಮ್ಲಜನಕದ ಸುದ್ದಿ ಇಲ್ಲದಿದ್ದರೂ ಪರವಾಗಿಲ್ಲ, ಒಳಗೆ ತಾಮ್ರ ಇರಬೇಕು, ಬರೆದಷ್ಟು ಇರಬೇಕು.

ಹಾಗಾಗಿ ಚಿಕ್ಕಪೇಟೆ ಕಡೆಗೆ ನಡೆದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕೇಬಲ್ ಅಂಗಡಿಗಳಲ್ಲಿ ಭಾಷೆಯೇ ಬೇರೆ. ಅಲ್ಲಿ ಎಲ್ಲವೂ ಚದರ ಮಿಲಿಮೀಟರಿನಲ್ಲೇ. ಕೇಬಲಿನ ಮೈಮೇಲೆ ಮಾನಕದ ಸಂಖ್ಯೆ, ಐಎಸ್‌ಐ ಗುರುತು. 25 ಚದರ ಮಿಲಿಮೀಟರ್ ತಾಮ್ರದ ಬಳುಕುವ ಕೇಬಲ್ ಎಂದಾಗ ಎರಡು ಬಗೆ ತೋರಿಸಿದರು. ಒಂದು, ಕಂಟ್ರೋಲ್ ಪ್ಯಾನೆಲ್‌ಗಳಿಗೆ ಬಳಸುವ ಪಿವಿಸಿ ಹೊದಿಕೆಯದು. ಇನ್ನೊಂದು ವೆಲ್ಡಿಂಗ್ ಕೇಬಲ್. ಸಾಮಾನ್ಯ ಪಿವಿಸಿ 70 ಡಿಗ್ರಿ ಸೆಲ್ಸಿಯಸ್‌ವರೆಗಿನದು. ನಮ್ಮ ಬೇಸಿಗೆಯಲ್ಲಿ, ಎಂಜಿನ್ ಪಕ್ಕದಲ್ಲಿ, ಅದು ನನಗೆ ಸಾಕೆನಿಸಲಿಲ್ಲ. ವೆಲ್ಡಿಂಗ್ ಕೇಬಲಿನ ರಬ್ಬರ್ ಹೊದಿಕೆ ಶಾಖ, ಎಣ್ಣೆ, ಬೆಂಕಿ ಮೂರನ್ನೂ ತಾಳುವಂತೆ ಮಾಡಿದ್ದು. ಮಾನಕ ಐಎಸ್ 9857. ಎಳೆಗಳು ಕೂದಲಿನಷ್ಟು ಸಣ್ಣ, ಆದ್ದರಿಂದ ಮೂಲೆಗಳಲ್ಲಿ ಸಲೀಸಾಗಿ ಬಾಗುತ್ತದೆ. ವೆಲ್ಡಿಂಗ್ ಕೇಬಲಿನಲ್ಲೂ ಅಲ್ಯೂಮಿನಿಯಂನವು ಬರುತ್ತವೆ, ಕೇಳಿ ಕೊಳ್ಳಬೇಕು. ಅಲ್ಲಿ ಕಪ್ಪು ಬಣ್ಣದ್ದೇ ಸಿಕ್ಕಿದ್ದು ಒಂದು ಕೊರತೆ. ತುದಿಗಳಿಗೆ ಕೆಂಪು ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ ಗುರುತು ಮಾಡಿಕೊಂಡರೆ ಆಯಿತು.

ಅಂಗಡಿಯ ಹಿರಿಯರು ಕಾರಿಗೆ ಎಂದು ತಿಳಿದು ಆಶ್ಚರ್ಯಪಟ್ಟರೂ, ಮಾದರಿಗೆ ಒಂದು ಗೇಣು ಕತ್ತರಿಸಿ ಕೊಟ್ಟರು. ಅವರ ಮೇಜಿನ ಮೇಲೇ 10 ಸೆಂಟಿಮೀಟರ್ ಸುಲಿದು ತೂಗಿದೆ: 21.1 ಗ್ರಾಂ. ಲೆಕ್ಕದಂತೆ 25 ಚದರ ಮಿಲಿಮೀಟರಿಗೆ 22.4 ಬರಬೇಕಿತ್ತಲ್ಲ ಎಂದು ಕೇಳಬಹುದು. ಮಾನಕ ಹೇಳುವುದು ತೂಕವನ್ನಲ್ಲ, ಗರಿಷ್ಠ ರೋಧವನ್ನು. ತಯಾರಕರು ಆ ಮಿತಿಯೊಳಗೆ ಬರುವಷ್ಟು ತಾಮ್ರ ಹಾಕುತ್ತಾರೆ. 20 ಗ್ರಾಂಗಿಂತ ಕೆಳಗಿಳಿದಿದ್ದರೆ ನಾನು ಬಿಡುತ್ತಿದ್ದೆ. ಬೆಲೆಯನ್ನೂ ಹೀಗೆಯೇ ಪರೀಕ್ಷಿಸಬಹುದು. ಒಂದು ಮೀಟರಿನಲ್ಲಿ ಇನ್ನೂರು ಗ್ರಾಂ ಮೀರಿ ತಾಮ್ರವಿದೆ. ಕಿಲೋಗೆ 800 ರೂಪಾಯಿ ಎಂದೇ ಹಿಡಿದರೂ ಲೋಹದ ಬೆಲೆಯೇ ಮೀಟರಿಗೆ 160 ದಾಟುತ್ತದೆ. ಅದಕ್ಕಿಂತ ಅಗ್ಗವಾಗಿ ಯಾರಾದರೂ 25 ಚದರ ಮಿಲಿಮೀಟರ್ ತಾಮ್ರ ಕೊಡುತ್ತೇನೆಂದರೆ ಒಳಗಿರುವುದು ಬೇರೆ ಏನೋ.

ಲಗ್ (ಕೇಬಲಿನ ತುದಿಗೆ ಒತ್ತಿ ಕೂರಿಸುವ, ಬೋಲ್ಟಿಗೆ ಹಾಕಲು ತೂತಿರುವ ಲೋಹದ ತುಂಡು), ಎಎನ್‌ಎಲ್ ಮಾದರಿಯ (ಬೋಲ್ಟಿನಿಂದ ಬಿಗಿಯುವ ಪಟ್ಟಿಯಂಥ) ಫ್ಯೂಸ್ ಮತ್ತು ಹೋಲ್ಡರ್, ಸುರುಳಿ ಪೈಪು, ರಬ್ಬರ್ ಗ್ರಾಮೆಟ್ (ರಂಧ್ರದ ಅಂಚಿಗೆ ಹಾಕುವ ಉಂಗುರ) ಎಲ್ಲ ಎಸ್‌ಪಿ ರಸ್ತೆಯಲ್ಲಿ ಸಿಕ್ಕವು. ಲಗ್‌ಗಳನ್ನೂ ಕೆರೆದು ನೋಡಿಯೇ ಕೊಂಡೆ: ತವರ ಲೇಪಿಸಿದ ತಾಮ್ರದ ಲಗ್ಗೂ ಅಲ್ಯೂಮಿನಿಯಂ ಲಗ್ಗೂ ನೋಡಲು ಒಂದೇ ಬಿಳುಪು. ಹೋಲ್ಡರ್ ಆರಿಸುವಾಗ ಕೇಬಲನ್ನು ಸ್ಕ್ರೂ ತುದಿಯಿಂದ ಚುಚ್ಚಿ ಹಿಡಿಯುವ ಬಗೆಯನ್ನು ಬಿಟ್ಟು, ಲಗ್ ಅನ್ನು ಬೋಲ್ಟಿಗೆ ಹಾಕಿ ನಟ್ ಬಿಗಿಯುವ ಬಗೆಯನ್ನೇ ತೆಗೆದುಕೊಂಡೆ. ಸುಟ್ಟ ಹಳೆಯ ಹೋಲ್ಡರನ್ನು ಕೈಯಲ್ಲಿ ಹಿಡಿದ ಮೇಲೆ ಬೇರೆ ಆಯ್ಕೆ ಮನಸ್ಸಿಗೆ ಬರಲಿಲ್ಲ.

25 ಚದರ ಮಿಲಿಮೀಟರ್ ಲಗ್ ಅನ್ನು ಇಕ್ಕಳದಲ್ಲಿ ಒತ್ತಲಾಗದು, ಸುತ್ತಿಗೆಯಿಂದ ಬಡಿಯುವುದೂ ಸಲ್ಲದು. ಪೀಣ್ಯದಲ್ಲಿ ಪರಿಚಯದವರ ಪ್ಯಾನೆಲ್ ತಯಾರಿಕಾ ಶೆಡ್ಡಿನಲ್ಲಿ ಹೈಡ್ರಾಲಿಕ್ ಕ್ರಿಂಪಿಂಗ್ ಯಂತ್ರವಿದೆ. ಅಲ್ಲಿ ಮೊದಲು ಒಂದು ಮಾದರಿ ಒತ್ತಿ, ಗರಗಸದಿಂದ ಅಡ್ಡಲಾಗಿ ಕತ್ತರಿಸಿ, ಕೊಯ್ದ ಮುಖವನ್ನು ಉಪ್ಪುಕಾಗದದಿಂದ ಉಜ್ಜಿ ನೋಡಿದೆವು. ನೂರಾರು ಎಳೆಗಳು ಒಂದರ ಮೇಲೊಂದು ಒತ್ತಿಕೊಂಡು, ಎಲ್ಲಿ ಎಳೆ ಮುಗಿದು ಎಲ್ಲಿ ಲಗ್ಗಿನ ಗೋಡೆ ಶುರುವಾಗುತ್ತದೆಂದು ಹುಡುಕಬೇಕಾದಷ್ಟು ಒಂದಾಗಿದ್ದವು. ನಡುವೆ ಒಂದೂ ಕಪ್ಪು ಚುಕ್ಕೆ ಇಲ್ಲ. ಗಾಳಿಗೆ ಜಾಗವಿಲ್ಲದಿದ್ದರೆ ತುಕ್ಕಿಗೂ ಜಾಗವಿಲ್ಲ. ಇದರ ಮೇಲೆ ಬೆಸುಗೆ ಹಾಕಬೇಕೆನ್ನುವವರೂ ಇದ್ದಾರೆ. ಬೆಸುಗೆ ಎಳೆಗಳೊಳಗೆ ಹರಿದು ಕೇಬಲನ್ನು ಗಡುಸಾಗಿಸುತ್ತದೆ. ಎಂಜಿನ್ ನಡುಕಕ್ಕೆ ಎಳೆಗಳು ಮುರಿಯುವುದು ಆ ಗಡುಸು ಭಾಗ ಮುಗಿಯುವ ಗೆರೆಯಲ್ಲಿ. ಸರಿಯಾಗಿ ಒತ್ತಿದ ಲಗ್ಗಿಗೆ ಬೆಸುಗೆ ಬೇಕಿಲ್ಲ.

ಕೇಬಲ್ ಎಳೆಯುವ ಕೆಲಸ ನಿಧಾನದ್ದೇ ಹೊರತು ಕಷ್ಟದ್ದಲ್ಲ. ಮೊದಲು ಬ್ಯಾಟರಿಯ ಋಣಾಗ್ರ ಬಿಚ್ಚಬೇಕು. ಕೇಬಲನ್ನು ಎಡಗಡೆಯಿಂದ, ಬಾಗಿಲಿನ ಹೊಸ್ತಿಲ ಪಟ್ಟಿಯ ಕೆಳಗೆ ಒಯ್ದೆ. ಆರ್‌ಸಿಎ ತಂತಿಯನ್ನು ಬಲಗಡೆಗೆ ಸರಿಸಿದೆ. ಎಂಜಿನ್ ಕೋಣೆಯ ಗೋಡೆಯಲ್ಲಿ ಕಾರ್ಖಾನೆಯವರೇ ಬಿಟ್ಟ ಖಾಲಿ ರಂಧ್ರ ಗ್ಲೋವ್ ಬಾಕ್ಸ್ ಹಿಂದೆ ಸಿಕ್ಕಿತು. ಬರಿಯ ತಗಡಿನ ಅಂಚು ಕೇಬಲಿಗೆ ತಾಗಬಾರದು, ಗ್ರಾಮೆಟ್ ಹಾಕಲೇಬೇಕು. ಮಳೆಗಾಲದಲ್ಲಿ ನೀರು ಕೇಬಲಿನ ಮೈ ಹಿಡಿದು ಒಳಗೆ ಹರಿಯದಂತೆ ರಂಧ್ರದ ಹೊರಗೆ ಅದನ್ನು ಒಂದಿಷ್ಟು ಕೆಳಗೆ ಇಳಿಬಿಟ್ಟು ಮೇಲಕ್ಕೆ ತಂದು, ಸುತ್ತ ಸಿಲಿಕೋನ್ ತುಂಬಿದೆ. ಬಾನೆಟ್ ಅಡಿಯ ಭಾಗಕ್ಕೆಲ್ಲ ಸುರುಳಿ ಪೈಪು. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಇಲಿ, ಹೆಗ್ಗಣಗಳ ಕಾಟವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಅದು ಇರುವುದು ಆಂಪ್ಲಿಫೈಯರನ್ನು ಉಳಿಸುವುದಕ್ಕಲ್ಲ, ಕೇಬಲನ್ನು ಉಳಿಸುವುದಕ್ಕೆ. ಅಪಘಾತದಲ್ಲಿ ತಗಡು ಮಡಚಿ ಕೇಬಲಿನ ಹೊದಿಕೆ ಕತ್ತರಿಸಿದರೆ ಬ್ಯಾಟರಿಯ ನೂರಾರು ಆಂಪಿಯರ್ ನೇರ ಕಾರಿನ ದೇಹಕ್ಕೆ ಹರಿಯುತ್ತದೆ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತುಂಡಿಗೆ ಮಾತ್ರ ಆಗ ರಕ್ಷಣೆ ಇಲ್ಲ. ಆ ತುಂಡು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಎರಡು ಆಂಪ್ಲಿಫೈಯರುಗಳ ಸ್ವಂತ ಫ್ಯೂಸ್ 40 ಮತ್ತು 30, ಒಟ್ಟು 70. ನಾನು ಹಾಕಿದ್ದು 80. ಹಳೆಯದು 150 ಆಗಿತ್ತು! 8 ಗೇಜಿಗೂ ಕಡಿಮೆಯಿರುವ ಕೇಬಲಿಗೆ 150ರ ಫ್ಯೂಸ್ ಎಂದರೆ ಕೇಬಲೇ ಫ್ಯೂಸ್ ಆದಂತೆ. ಡಿಕ್ಕಿಯಲ್ಲಿ ವಿತರಣಾ ಬ್ಲಾಕ್‌ನಿಂದ ಒಂದೊಂದು ಆಂಪ್ಲಿಫೈಯರಿಗೆ 10 ಚದರ ಮಿಲಿಮೀಟರಿನ ಗಿಡ್ಡ ತುಂಡು ಕೊಟ್ಟೆ. ಕೇಬಲ್ ಸಣ್ಣದಾಗುವ ಕಡೆ ಮತ್ತೆ ಫ್ಯೂಸ್ ಇರಲೇಬೇಕು, ಅವು ಬ್ಲಾಕಿನೊಳಗೇ ಇವೆ.

ಅರ್ತ್ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಹೋದ ಕರೆಂಟ್ ಅಷ್ಟೂ ಕಾರಿನ ಲೋಹದ ದೇಹದ ಮೂಲಕ ಹಿಂದಿರುಗಬೇಕಾದ ದಾರಿ ಅದು. ಹಳೆಯ ಅರ್ತ್ ತಂತಿಯನ್ನು ಬಣ್ಣ ಬಳಿದ ತಗಡಿಗೆ ಸ್ವಯಂ ಕೊರೆಯುವ ಸ್ಕ್ರೂ ಹಾಕಿ ಸಿಕ್ಕಿಸಿದ್ದರು. ಕರೆಂಟ್ ಹರಿಯುತ್ತಿದ್ದದ್ದು ಸ್ಕ್ರೂವಿನ ಎರಡು ಮೂರು ಸುತ್ತುಗಳ ಅಂಚಿನಿಂದ ಮಾತ್ರ. ಹಿಂಬದಿ ಚಕ್ರದ ಕಮಾನಿನ ಬಳಿ ದಪ್ಪ ತಗಡಿನಲ್ಲಿ ಜಾಗ ಆರಿಸಿ, ಹಿಂಬದಿಯಲ್ಲಿ ಪೆಟ್ರೋಲ್ ಪೈಪಾಗಲಿ ಬ್ರೇಕ್ ಪೈಪಾಗಲಿ ಇಲ್ಲವೆಂದು ಕೆಳಗಿನಿಂದ ನೋಡಿ ಖಾತ್ರಿ ಮಾಡಿಕೊಂಡು, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲಕ್ಕೆ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿದೆ. ಮೊದಲು ಬಿಳಿ ಬಣ್ಣ, ಆಮೇಲೆ ಬೂದು ಪ್ರೈಮರ್, ಕೊನೆಗೆ ಲೋಹದ ಹೊಳಪು. ಪ್ರೈಮರ್ ಕಂಡಾಗಲೇ ಲೋಹ ಬಂತೆಂದು ನಿಲ್ಲಿಸಬಾರದು, ಅದೂ ನಿರೋಧಕವೇ. 8 ಮಿಲಿಮೀಟರ್ ಬೋಲ್ಟ್, ಹಲ್ಲಿನ ವಾಷರ್, ನಟ್; ಬಿಗಿದ ನಂತರ ಮೇಲೆ ಬಣ್ಣ ಬಳಿದು ಮುಚ್ಚಿದೆ. ಸೀಟ್ ಬೆಲ್ಟಿನ ಬೋಲ್ಟನ್ನು ಅರ್ತ್‌ಗೆ ಬಳಸುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಅದು ಜೀವ ಉಳಿಸುವ ಬೋಲ್ಟ್. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅರ್ತ್ ಸರಿಯಿದೆಯೇ ಎಂದು ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ನೋಡಿ ಪ್ರಯೋಜನವಿಲ್ಲ. ಮೀಟರಿನ ತಂತಿಗಳ ರೋಧವೇ ನಾವು ಹುಡುಕುವ ಮಿಲಿಓಮುಗಳಿಗಿಂತ ಹೆಚ್ಚು. ಕರೆಂಟ್ ಹರಿಸಿ ವೋಲ್ಟೇಜ್ ಇಳಿತ ಅಳೆಯುವುದೊಂದೇ ನಂಬುವಂಥ ದಾರಿ.

ಎಲ್ಲ ಸೇರಿಸಿ, ಅದೇ ಏಕಸ್ವರ, ಅದೇ 41 ಆಂಪಿಯರಿಗೆ ಮತ್ತೆ ಅಳೆದೆ. ಕೇಬಲ್ 0.16, ಫ್ಯೂಸ್ ಹೋಲ್ಡರ್ 0.03, ಉಳಿದ ಕೂಡುಕಡೆಗಳು 0.02, ಅರ್ತ್ ಕಡೆ 0.03. ಒಟ್ಟು 0.24 ವೋಲ್ಟ್. ಮೊದಲಿದ್ದದ್ದು 1.33. ಇಪ್ಪತ್ತು ವಾಟ್ ಸುಡುತ್ತಿದ್ದ ಹೋಲ್ಡರಿನ ಜಾಗದಲ್ಲಿ ಈಗ ಒಂದು ವಾಟ್ ಚಿಲ್ಲರೆ. ತಮ್ಮ ಜೋರಾಗಿ ಹಾಡು ಹಾಕಿ ಬಹಳ ಹೊತ್ತು ಕಾದ. ಕೆಂಪು ದೀಪ ಹೊತ್ತಲಿಲ್ಲ. ಅಂಗಡಿಯವರು ಕೆಟ್ಟಿದೆ ಎಂದಿದ್ದ ಆಂಪ್ಲಿಫೈಯರ್ ಅದೇ.

ಹೆಡ್‌ಲೈಟ್ ಮಂಕಾಗುವುದು ಮಾತ್ರ ನಿಲ್ಲಲಿಲ್ಲ. ನಿಲ್ಲುವುದಿಲ್ಲವೆಂದು ಮೊದಲೇ ತಮ್ಮನಿಗೆ ಹೇಳಿದ್ದೆ. ಬ್ಯಾಟರಿಯಿಂದ ಡಿಕ್ಕಿಗೆ ಹೋಗುವ ಕೇಬಲಿಗೂ ಹೆಡ್‌ಲೈಟಿಗೂ ನೇರ ಸಂಬಂಧವಿಲ್ಲ. ಹೆಡ್‌ಲೈಟ್ ಕಾಣುವುದು ಬ್ಯಾಟರಿಯ ಬಳಿಯ ವೋಲ್ಟೇಜನ್ನು. ಕೇಬಲ್ ದಪ್ಪವಾದರೆ ಆಂಪ್ಲಿಫೈಯರ್ ಸರಾಗವಾಗಿ ಹೆಚ್ಚು ಕರೆಂಟ್ ಎಳೆದು ದೀಪ ಇನ್ನೂ ಒಂದಿಷ್ಟು ಮಂಕಾದರೂ ಆಶ್ಚರ್ಯವಿಲ್ಲ. ಆಲ್ಟರ್ನೇಟರ್ ತನ್ನ ಫಲಕದ ಮೇಲಿನ 75 ಆಂಪಿಯರನ್ನು ಕೊಡುವುದು ಎಂಜಿನ್ ವೇಗವಾಗಿ ತಿರುಗುವಾಗ. ಸಿಗ್ನಲ್‌ನಲ್ಲಿ ನಿಂತಾಗ ಅರ್ಧಕ್ಕೆ ಅರ್ಧ ಇಳಿಯುತ್ತದೆ. ಬೆಂಗಳೂರಿನಲ್ಲಿ ನಿಲ್ಲುವುದೇ ಹೆಚ್ಚು.

ಇದಕ್ಕೆ ಅಂಗಡಿಗಳಲ್ಲಿ ಕೊಡುವ ಮದ್ದು ವಿದ್ಯುತ್ ಕೂಡಿಟ್ಟು ಒಮ್ಮೆಲೇ ಬಿಡುವ ಒಂದು ಫ್ಯಾರಡ್ ಕೆಪಾಸಿಟರ್. ಲೆಕ್ಕ ಹಾಕೋಣ. 14.4ರಿಂದ 12 ವೋಲ್ಟಿಗೆ ಇಳಿಯುವಾಗ ಅದು ಹೊರಬಿಡುವ ಶಕ್ತಿ ಸುಮಾರು 32 ಜೂಲ್. 400 ವಾಟಿನ ಆಂಪ್ಲಿಫೈಯರ್ ಪೂರ್ತಿ ನುಡಿಯುವಾಗ 500 ವಾಟ್ ಎಳೆಯುತ್ತದೆ. ಆ 32 ಜೂಲ್ 0.06 ಸೆಕೆಂಡಿನಲ್ಲಿ ಖಾಲಿ. ಆ ಹಣವನ್ನು ತಾಮ್ರಕ್ಕೆ ಹಾಕುವುದು ಮೇಲೆಂದು ನಾನು ಬ್ಯಾಟರಿ, ಆಲ್ಟರ್ನೇಟರ್, ಎಂಜಿನ್ ನಡುವಿನ ತಂತಿಗಳತ್ತ ತಿರುಗಿದೆ.

ಎಂಜಿನ್ ಬ್ಲಾಕಿಗೂ ಬ್ಯಾಟರಿಯ ಋಣಾಗ್ರಕ್ಕೂ ನಡುವೆ 0.22 ವೋಲ್ಟ್ ಇಳಿತ ಸಿಕ್ಕಿತು. ಆಲ್ಟರ್ನೇಟರಿನ ಕರೆಂಟೆಲ್ಲ ಈ ದಾರಿಯಲ್ಲೇ ಸುತ್ತಬೇಕು. ಉಳಿದಿದ್ದ ಕೇಬಲಿನಲ್ಲಿ ಮೂರು ತುಂಡು ಮಾಡಿಸಿ ಕಾರ್ಖಾನೆಯ ತಂತಿಗಳ ಜೊತೆಗೇ ಸಮಾಂತರವಾಗಿ ಹಾಕಿದೆ, ಹಳೆಯವನ್ನು ಕೀಳಲಿಲ್ಲ: ಬ್ಯಾಟರಿ ಋಣಾಗ್ರದಿಂದ ದೇಹಕ್ಕೆ, ಎಂಜಿನ್‌ನಿಂದ ದೇಹಕ್ಕೆ, ಆಲ್ಟರ್ನೇಟರಿನ ಧನಾಗ್ರದಿಂದ ಬ್ಯಾಟರಿಗೆ. ಮೂರನೆಯದಕ್ಕೆ ಬ್ಯಾಟರಿ ತುದಿಯಲ್ಲಿ 100 ಆಂಪಿಯರಿನ ಫ್ಯೂಸ್. ಬ್ಯಾಟರಿಯ ಋಣಾಗ್ರದ ಕ್ಲ್ಯಾಂಪಿನಲ್ಲಿ ಕರೆಂಟ್ ಸಂವೇದಕ ಇರುವ ಹೊಸ ಕಾರುಗಳಲ್ಲಿ ಅರ್ತ್ ತಂತಿಯನ್ನು ನೇರ ಋಣಾಗ್ರಕ್ಕೆ ಹಾಕಬಾರದು, ಸಂವೇದಕದ ಆಚೆ ದೇಹದ ಕಡೆಗೆ ಹಾಕಬೇಕು. ಇಲ್ಲವಾದರೆ ಕಾರಿನ ಕಂಪ್ಯೂಟರ್ ಲೆಕ್ಕ ತಪ್ಪಿ ಬ್ಯಾಟರಿ ಚಾರ್ಜ್ ಮಾಡುವುದೇ ಹದಗೆಡುತ್ತದೆ. ಈ ಕಾರಿನಲ್ಲಿ ಅದಿಲ್ಲ.

ಎಂಜಿನ್ ಕಡೆಯ ಇಳಿತ 0.22ರಿಂದ 0.05ಕ್ಕೆ ಬಂತು. ಎಸಿ, ಹೆಡ್‌ಲೈಟ್ ಎರಡೂ ಹಾಕಿ ನಿಂತಲ್ಲೇ ಚಾಲೂ ಇಟ್ಟಾಗ ಬ್ಯಾಟರಿಯ ಬಳಿ 12.9 ಇದ್ದದ್ದು ಈಗ 13.2. ಬೇಸ್ ಹೊಡೆತಕ್ಕೆ ದೀಪ ಈಗಲೂ ಕೊಂಚ ಮಿಡುಕುತ್ತದೆ, ಎದುರಿನ ಗೋಡೆಯ ಮೇಲೆ ಬೆಳಕು ಬಿಟ್ಟು ಗಮನವಿಟ್ಟು ನೋಡಿದರೆ ಮಾತ್ರ. ಅದನ್ನೂ ಹೋಗಲಾಡಿಸಬೇಕಾದರೆ ದೊಡ್ಡ ಆಲ್ಟರ್ನೇಟರ್ ಬೇಕು, ಈ ವ್ಯವಸ್ಥೆಗೆ ಅದು ಅನಗತ್ಯ ಖರ್ಚು. ಮೈಸೂರಿಗೆ ಹೋಗಿಬಂದ ಮೇಲೆ ಎಲ್ಲ ಬೋಲ್ಟುಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿದೆ. ಡಿಕ್ಕಿಯ ಅರ್ತ್ ಬೋಲ್ಟ್ ಕಾಲು ಸುತ್ತು ಬಿಗಿಯಿತು, ಉಳಿದವು ಇದ್ದಲ್ಲೇ ಇದ್ದವು. ಇಳಿತ ಮತ್ತೆ ಅಳೆದರೆ ಅದೇ 0.24.